ಮನೆಯೂ ಕಟ್ಟಬೇಕು, ಮದುವೆಯೂ ಆಗಬೇಕು: ಆಯಸ್ಸು ಮತ್ತು ಸಂತಾನದ ಲೆಕ್ಕ

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಕಡೆ ರೇಷ್ಮೆ ಮೊಟ್ಟೆ ತಯಾರಿಸುವ ಕಸುಬು. ಗೂಡು ಬಿಟ್ಟು ಹೊರಬಂದ ಚಿಟ್ಟೆ ಜೋಡಿಯಾಗುತ್ತೆ, ಮೊಟ್ಟೆ ಇಡುತ್ತೆ, ವಾರ ಕಳೆಯುವಷ್ಟರಲ್ಲಿ ಅದರ ಕತೆ ಮುಗಿಯುತ್ತೆ. ಹೆಚ್ಚು ಸಂತಾನ ಪಡೆದ ಪ್ರಾಣಿಗೆ ಆಯಸ್ಸು ಕಡಿಮೆ ಅಂತ ಎಲ್ಲೋ ಓದಿದೆ. ಹಾಗಿದ್ದರೆ ದಿನವೂ ನೂರಾರು ಮೊಟ್ಟೆ ಇಡುವ ಜೇನುರಾಣಿ ವರ್ಷಗಟ್ಟಲೆ ಬದುಕುವುದು ಹೇಗೆ? ನಮ್ಮಜ್ಜಿ ಹತ್ತು ಹೆತ್ತವರು, 91ಕ್ಕೆ ತೀರಿಕೊಂಡರು. ಈ ಮಾತು ನಿಜವೋ, ಸುಮ್ಮನೆ ಹೇಳುತ್ತಾರೋ?

ಉತ್ತರ: ಮಾತು ನಿಜ, ಆದರೆ ನೀವು ಓದಿದ ರೂಪದಲ್ಲಿ ಅಲ್ಲ. ಇಷ್ಟು ಮೊಟ್ಟೆ ಇಟ್ಟರೆ ಇಷ್ಟು ದಿನ ಆಯಸ್ಸು ಕಡಿತ ಎಂಬ ಕಿರಾಣಿ ಅಂಗಡಿ ಲೆಕ್ಕ ಜೀವಿಗಳಲ್ಲಿ ನಡೆಯುವುದಿಲ್ಲ. ಬೇರೊಂದು ಲೆಕ್ಕ ನಡೆಯುತ್ತದೆ. ಅದು ಕಾಣಬೇಕಾದರೆ ಖರ್ಚು ಯಾರ ಗಂಟಿನಿಂದ ಹೋಗುತ್ತಿದೆ ಎಂದು ಹುಡುಕಬೇಕು.

ಚಿಟ್ಟೆಯಿಂದಲೇ ಶುರು ಮಾಡುತ್ತೇನೆ, ಅದರ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿದ್ದರೂ. ರೇಷ್ಮೆ ಚಿಟ್ಟೆಗೆ ಬಾಯಿ ಇರುವುದು ಹೆಸರಿಗೆ. ಅದು ಏನನ್ನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ, ನಾಲ್ಕು ಜ್ವರ (ಅಂದರೆ ಪೊರೆ ಕಳಚುವ ಹಂತ) ದಾಟಿ ಹಣ್ಣಾಗುವವರೆಗೆ ಮೇದ ಹಿಪ್ಪುನೇರಳೆ ಸೊಪ್ಪೇ ಅದರ ಜೀವಮಾನದ ಬುತ್ತಿ. ಆ ಬುತ್ತಿಯಲ್ಲೇ ಗೂಡಿನ ನೂಲೂ ಆಗಬೇಕು, ರೆಕ್ಕೆಯೂ ಆಗಬೇಕು, 400–500 ಮೊಟ್ಟೆಯೂ ಆಗಬೇಕು. ಹಾಗಾಗಿ ಮೊಟ್ಟೆ ಇಟ್ಟ ಸುಸ್ತಿಗೆ ಚಿಟ್ಟೆ ಸತ್ತಿತು ಅನ್ನುವುದಕ್ಕಿಂತ, ಒಂದು ವಾರದ ಕೆಲಸಕ್ಕೆ ಒಂದು ವಾರ ತಾಳುವ ದೇಹವೇ ಸಾಕಾಯಿತು ಅನ್ನುವುದು ಸರಿ. ಮದುವೆ ಚಪ್ಪರಕ್ಕೆ ಯಾರೂ ಪಾಯ ತೆಗೆದು ಕಾಂಕ್ರೀಟ್ ಸುರಿಯುವುದಿಲ್ಲವಲ್ಲ. ನಿಮ್ಮಲ್ಲಂತೂ ತಾಯಿ ಚಿಟ್ಟೆಗೆ ಆ ವಾರವೂ ಪೂರ್ತಿ ಸಿಗುವುದಿಲ್ಲ. ಮೊಟ್ಟೆ ಇಟ್ಟ ಮೇಲೆ, ತಾಯಿಯಿಂದ ಮೊಟ್ಟೆಗೆ ದಾಟುವ ಗಂಟು ರೋಗದ (ಪೆಬ್ರಿನ್) ಪರೀಕ್ಷೆಗೆಂದು ಅರೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೀರಿ.

ಚಪ್ಪರದಂಥ ದೇಹವನ್ನು ಪ್ರಕೃತಿ ಯಾಕೆ ಒಪ್ಪಿಕೊಂಡಿತು? 1952ರಲ್ಲಿ ಬ್ರಿಟನ್ನಿನ ಪೀಟರ್ ಮೆಡವಾರ್ ಒಂದು ಉತ್ತರ ಕೊಟ್ಟರು. ಕಾಡಿನ ಪ್ರಾಣಿ ಮುಪ್ಪಿನಿಂದ ಸಾಯುವುದು ಕಡಿಮೆ. ಬಹುಪಾಲು ಅದಕ್ಕೂ ಮುಂಚೆಯೇ ಹಸಿವಿಗೋ ರೋಗಕ್ಕೋ ಇನ್ನೊಂದರ ಬಾಯಿಗೋ ಹೋಗಿರುತ್ತವೆ. ಮುದಿ ವಯಸ್ಸಿನಲ್ಲಿ ಮಾತ್ರ ತಲೆ ಎತ್ತುವ ದೋಷವನ್ನು ಜರಡಿ ಹಿಡಿಯೋಣವೆಂದರೆ ಜರಡಿಗೆ ಹಾಕಲು ಕಾಳೇ ಉಳಿದಿರುವುದಿಲ್ಲ. 1957ರಲ್ಲಿ ಅಮೆರಿಕದ ಜಾರ್ಜ್ ವಿಲಿಯಮ್ಸ್ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ಒಂದೇ ಜೀನ್ ಯೌವನದಲ್ಲಿ ಉಪಕಾರ ಮಾಡಿ ಮುಪ್ಪಿನಲ್ಲಿ ಅಪಕಾರ ಮಾಡಬಹುದು, ಉಪಕಾರ ಮೊದಲು ಕೈಸೇರುವುದರಿಂದ ಆ ಜೀನ್ ಉಳಿದುಕೊಳ್ಳುತ್ತದೆ. ಆಮೇಲೆ 1977ರಲ್ಲಿ ಥಾಮಸ್ ಕರ್ಕ್‌ವುಡ್ ಇಡೀ ವಿಷಯವನ್ನು ಖರ್ಚುವೆಚ್ಚದ ಭಾಷೆಗೆ ತಂದರು. ದೇಹ ಬಳಸಿ ಬಿಸಾಡುವ ವಸ್ತು, ಮುಂದಕ್ಕೆ ಹೋಗುವುದು ಬೀಜ ಮಾತ್ರ ಎಂಬುದು ಅವರ ವಾದದ ತಿರುಳು.

ಪಾಠ ಮಾಡುವಾಗ ನಾನು ಇದಕ್ಕೆ "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಹಿಡಿದುಕೊಳ್ಳುತ್ತೇನೆ. ಡಿಎನ್‌ಎ ಹರಿದಲ್ಲಿ ಹೊಲಿಗೆ ಹಾಕುವುದು, ಕೆಟ್ಟ ಪ್ರೋಟೀನನ್ನು ಗುಡಿಸಿ ಹೊರಹಾಕುವುದು, ರೋಗಕ್ಕೆ ಕಾವಲು ಇಡುವುದು ಎಲ್ಲ ಮನೆ ಖರ್ಚು. ಮೊಟ್ಟೆ, ಬಸಿರು, ಹಾಲು, ಹೆಣ್ಣಿಗಾಗಿ ಗಂಡುಗಳ ಕಾದಾಟ ಎಲ್ಲ ಮದುವೆ ಖರ್ಚು. ಹಣ ಮಾತ್ರ ಒಂದೇ ಗಂಟಿನದು. ನಾಳೆ ಬೆಕ್ಕಿನ ಬಾಯಿಗೆ ಬೀಳುವ ಇಲಿ ನಲವತ್ತು ವರ್ಷದ ಮನೆ ಕಟ್ಟಿ ಏನು ಮಾಡೀತು? ಅದು ಮದುವೆಗೇ ಸುರಿಯುತ್ತದೆ: ಒಂದೊಂದು ಸೂಲಿಗೆ ಆರೆಂಟು ಮರಿ, ವರ್ಷಕ್ಕೆ ಹಲವು ಸೂಲು, ಎರಡು ಮೂರು ವರ್ಷದಲ್ಲಿ ಮುಪ್ಪು. ಇಲಿಗಿಂತಲೂ ಹಗುರಾದ ಬಾವಲಿ ಹಾರಿ ತಪ್ಪಿಸಿಕೊಳ್ಳಬಲ್ಲದು. ಹೆಚ್ಚಿನ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಸೈಬೀರಿಯಾದಲ್ಲಿ ಗುರುತಿನ ಬಳೆ ತೊಡಿಸಿ ಬಿಟ್ಟಿದ್ದ ಬ್ರಾಂಟ್ಸ್ ಬಾವಲಿಯೊಂದು 41 ವರ್ಷಗಳ ನಂತರ ಮತ್ತೆ ಸಿಕ್ಕಿತು. ಅದರ ತೂಕ ಹತ್ತು ಗ್ರಾಂ ಕೂಡ ಇಲ್ಲ.

ಇಲಿಗೂ ಬಾವಲಿಗೂ ವ್ಯತ್ಯಾಸ ನೂರೆಂಟು, ಹಾಗಾಗಿ ಈ ಹೋಲಿಕೆ ಸಾಕ್ಷಿಯಾಗಿ ನಿಲ್ಲದು ಎಂದು ನೀವು ಹೇಳಿದರೆ ನಾನು ಒಪ್ಪುತ್ತೇನೆ. ಒಂದೇ ಪ್ರಾಣಿ ಬೇಕು, ಒಂದು ಕಡೆ ಅಪಾಯ, ಇನ್ನೊಂದು ಕಡೆ ನೆಮ್ಮದಿ ಇರಬೇಕು. ಸ್ಟೀವನ್ ಆಸ್ಟಡ್ ಎಂಬ ಜೀವಶಾಸ್ತ್ರಜ್ಞರು ಅಂಥದ್ದನ್ನೇ ಹುಡುಕಿಕೊಂಡು ಹೋದರು. ಒಪಾಸಮ್ ಎಂಬುದು ಅಮೆರಿಕದ ಪ್ರಾಣಿ. ಬೆಕ್ಕಿನ ಗಾತ್ರ, ಕಾಂಗರೂವಿನ ಹಾಗೆ ಹೊಟ್ಟೆಯ ಮೇಲೆ ಚೀಲ. ಇದು ವಿಪರೀತ ಬೇಗ ಮುದಿಯಾಗುತ್ತದೆ, ಎರಡು ವರ್ಷ ದಾಟುವುದೇ ಕಷ್ಟ. ಜಾರ್ಜಿಯಾ ರಾಜ್ಯದ ಕರಾವಳಿಯಾಚೆ ಸಪೆಲೊ ಎಂಬ ದ್ವೀಪವಿದೆ, ಭೂಭಾಗದಿಂದ ಬೇರೆಯಾಗಿ ನಾಲ್ಕೈದು ಸಾವಿರ ವರ್ಷವಾಗಿದೆ. ಒಪಾಸಮ್ಮನ್ನು ಹಿಡಿದು ತಿನ್ನುವ ದೊಡ್ಡ ಪ್ರಾಣಿಗಳು ಅಲ್ಲಿಲ್ಲ. ಆಸ್ಟಡ್ ಎರಡೂ ಕಡೆ ಒಪಾಸಮ್‌ಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಅವು ಸಾಯುವವರೆಗೂ ಬೆನ್ನು ಹತ್ತಿದರು. 1993ರಲ್ಲಿ ಬಂದ ಫಲಿತಾಂಶ ನನಗೆ ಇವತ್ತಿಗೂ ಅಚ್ಚುಮೆಚ್ಚು. ದ್ವೀಪದ ಹೆಣ್ಣುಗಳು ಹೆಚ್ಚು ಕಾಲ ಬದುಕಿದವು, ಅಷ್ಟೇ ಆಗಿದ್ದರೆ ತಿನ್ನುವವರಿಲ್ಲ, ಬದುಕಿದವು ಎಂದು ಸುಮ್ಮನಾಗಬಹುದಿತ್ತು. ಆದರೆ ಅವುಗಳ ಮೈಯೇ ನಿಧಾನವಾಗಿ ಹಳತಾಗುತ್ತಿತ್ತು. ವಯಸ್ಸಾದಂತೆ ಬಾಲದ ಸ್ನಾಯುರಜ್ಜು ಬಿರುಸಾಗುತ್ತದೆ. ದ್ವೀಪದಲ್ಲಿ ಆ ಬಿರುಸು ತಡವಾಗಿ ಬಂತು. ಜೊತೆಗೆ ಒಂದು ಸೂಲಿನ ಮರಿಗಳು ಭೂಭಾಗದಲ್ಲಿ ಸರಾಸರಿ ಎಂಟರ ಹತ್ತಿರ, ದ್ವೀಪದಲ್ಲಿ ಆರರ ಹತ್ತಿರ. ನೆಮ್ಮದಿಯ ಊರಿನಲ್ಲಿ ಮದುವೆ ಖರ್ಚು ತಗ್ಗಿ ಮನೆ ಗಟ್ಟಿಯಾಗಿತ್ತು.

ಕಾಡಿನಲ್ಲಿ ಕಂಡದ್ದನ್ನು ಬಾಟಲಿಯೊಳಗೂ ಮಾಡಿ ತೋರಿಸಿದ್ದಾರೆ. ಮೈಕೆಲ್ ರೋಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗ ಹಣ್ಣುನೊಣಗಳದ್ದು, ಬಾಳೆಹಣ್ಣು ಕಳಿತಾಗ ಮುತ್ತುವ ಅದೇ ಪುಟ್ಟ ನೊಣ. ಅವರು ಮಾಡಿದ್ದು ಇಷ್ಟೇ: ಪ್ರತಿ ತಲೆಮಾರಿನಲ್ಲಿ ಎಳೆಯ ನೊಣಗಳ ಮೊಟ್ಟೆ ಬಿಟ್ಟು, ವಯಸ್ಸಾದ ಮೇಲೂ ಬದುಕುಳಿದವು ಇಟ್ಟ ಮೊಟ್ಟೆಯಿಂದ ಮಾತ್ರ ಮುಂದಿನ ಸಂತತಿ ಬೆಳೆಸಿದರು. ನೀವು ಒಳ್ಳೆಯ ಗೂಡು ಆರಿಸಿ ಬಿತ್ತನೆಗೆ ಇಟ್ಟುಕೊಳ್ಳುವ ಹಾಗೆಯೇ. ಕೆಲವು ತಲೆಮಾರುಗಳಲ್ಲಿ ದೀರ್ಘಾಯುಷಿ ನೊಣಗಳು ಹುಟ್ಟಿಕೊಂಡವು, ಆದರೆ ಎಳೆತನದಲ್ಲಿ ಅವು ಇಡುವ ಮೊಟ್ಟೆ ಕಡಿಮೆಯಾಯಿತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಅವರ ತಂಡ ಇದೇ ನೊಣವನ್ನು ತಿರುವುಮುರುವಾಗಿ ಆರಿಸಿತು: ಯಾರು ಬೇಗ ಬೆಳೆದು ಬೇಗ ಮೊಟ್ಟೆ ಇಡುತ್ತಾರೋ ಅವರ ಮಕ್ಕಳಷ್ಟೇ ಮುಂದಕ್ಕೆ. ನೊಣಗಳು ನಿಜಕ್ಕೂ ಬೇಗ ಬೆಳೆದವು, ಆದರೆ ಗಾತ್ರ ಕುಗ್ಗಿತು. ಮರಿಹುಳುವಿನಿಂದ ನೊಣವಾಗುವವರೆಗೆ ಬದುಕುಳಿಯುವವು ಕಡಿಮೆಯಾದವು. ಅವಸರಕ್ಕೂ ಬೆಲೆ ಇದೆ.

ಇಲ್ಲಿಯವರೆಗೆ ಹೇಳಿದ್ದು ತಲೆಮಾರುಗಳ ಮಾತು. ಒಂದೇ ಪ್ರಾಣಿಯ ಒಂದೇ ಬದುಕಿನಲ್ಲಿ ಕೂಡ ಇದು ಕಾಣುತ್ತದೆ. ನೆದರ್ಲೆಂಡ್ಸ್‌ನಲ್ಲಿ ಕೆಸ್ಟ್ರೆಲ್ ಎಂಬ ಚಿಕ್ಕ ಡೇಗೆಯ ಗೂಡುಗಳಿಗೆ ಸಂಶೋಧಕರು ಎರಡೆರಡು ಹೆಚ್ಚುವರಿ ಮರಿ ತಂದಿಟ್ಟರು. ಹಕ್ಕಿಗಳು ಗೊಣಗದೆ ಅವಕ್ಕೂ ಇಲಿ ಹಿಡಿದು ತಂದವು. ಮುಂದಿನ ಚಳಿಗಾಲ ಮುಗಿಯುವಷ್ಟರಲ್ಲಿ, ಸತ್ತದ್ದು ವರದಿಯಾದ ಹಕ್ಕಿಗಳ ಲೆಕ್ಕ ತೆಗೆದರು. ಹೆಚ್ಚು ಮರಿ ಸಾಕಿದವುಗಳಲ್ಲಿ 60 ಶೇಕಡಾ ಅಷ್ಟರೊಳಗೆ ಸತ್ತಿದ್ದವು, ಉಳಿದವುಗಳಲ್ಲಿ 29 ಶೇಕಡಾ. 1996ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಗಮನಿಸಬೇಕಾದ್ದು, ಮರಿ ಎಷ್ಟಿರಬೇಕೆಂದು ತೀರ್ಮಾನಿಸಿದ್ದು ಹಕ್ಕಿಯಲ್ಲ, ಸಂಶೋಧಕರು. ಈ ಅಂಶ ಅಜ್ಜಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಿಮ್ಮ ಚಿಟ್ಟೆಯ ಹಾಗೆ ಒಂದೇ ಬಾರಿ ಎಲ್ಲವನ್ನೂ ಸುರಿದು ಹೋಗುವ ಪ್ರಾಣಿಗಳು ಇನ್ನೂ ಇವೆ. ಗೊನೆ ಬಿಟ್ಟ ಬಾಳೆ, ಹೂ ಬಿಟ್ಟ ಬಿದಿರು ನೋಡಿದವರಿಗೆ ಇದು ಹೊಸದಲ್ಲ. ಆದರೆ ಪ್ರಾಣಿಗಳಲ್ಲಿ ಈ ಸಾವು ಬರುವ ರೀತಿ ಬೆರಗು ಹುಟ್ಟಿಸುತ್ತದೆ. ಆಸ್ಟ್ರೇಲಿಯಾದ ಆಂಟೆಕೈನಸ್ ಇಲಿಯಂಥ ಒಂದು ಚೀಲಪ್ರಾಣಿ. ಗಂಡು ಹುಟ್ಟಿ ಒಂದು ವರ್ಷ ತುಂಬುವ ಮುಂಚೆ ಬೆದೆಗಾಲ ಬರುತ್ತದೆ, ಎರಡು ಮೂರು ವಾರ ಅಷ್ಟೇ. ಒಂದೊಂದು ಕೂಡುವಿಕೆ ಹನ್ನೆರಡು ಗಂಟೆಗೂ ಮೀರಿ ನಡೆಯಬಹುದು. ಆ ದಿನಗಳಲ್ಲಿ ಒತ್ತಡದ ಹಾರ್ಮೋನು ಏರುತ್ತಲೇ ಹೋಗುತ್ತದೆ, ಅದನ್ನು ಇಳಿಸುವ ಕಡಿವಾಣ ಕೆಲಸ ಮಾಡುವುದಿಲ್ಲ. ರೋಗನಿರೋಧಕ ಶಕ್ತಿ ಕುಸಿದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಿ, ಊರಿನ ಗಂಡುಗಳೆಲ್ಲ ಕೆಲವೇ ದಿನಗಳ ಅಂತರದಲ್ಲಿ ಸಾಯುತ್ತವೆ. ಮುಂದಿನ ಮರಿಗಳು ಹುಟ್ಟುವ ಹೊತ್ತಿಗೆ ಅಲ್ಲಿ ಒಂದೂ ಅಪ್ಪನಿಲ್ಲ. ಬೆದೆಗಾಲಕ್ಕೆ ಮೊದಲೇ ಬೀಜ ತೆಗೆದ ಗಂಡು ಮಾತ್ರ ಆ ಗಂಡಾಂತರ ದಾಟುತ್ತದೆ.

ಪೆಸಿಫಿಕ್ ಸಾಲ್ಮನ್ ಮೀನಿನದ್ದೂ ಹೀಗೇ. 1961ರಲ್ಲಿ ರಾಬರ್ಟ್‌ಸನ್ ಎಂಬವರು ಕೊಕಾನಿ ಸಾಲ್ಮನ್‌ನ ಬೀಜಾಂಗಗಳನ್ನು ಬೆಳೆಯುವ ಮೊದಲೇ ತೆಗೆದು ನೋಡಿದರು. ಸಾಮಾನ್ಯವಾಗಿ ನಾಲ್ಕು ವರ್ಷದ ಸುಮಾರಿಗೆ ಮೊಟ್ಟೆ ಇಟ್ಟು ಸಾಯುವ ಈ ಮೀನುಗಳಲ್ಲಿ ಕೆಲವು ಎಂಟು ವರ್ಷದವರೆಗೆ ಬದುಕಿದವು. ತಾಯಿ ಆಕ್ಟೋಪಸ್ ಮೊಟ್ಟೆ ಕಾಯುತ್ತಾ ಊಟ ಬಿಟ್ಟು ಸೊರಗಿ ಸಾಯುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತು. 1977ರಲ್ಲಿ ಜೆರೋಮ್ ವೊಡಿನ್ಸ್ಕಿ ಅದರ ಕಣ್ಣಿನ ಹಿಂದಿರುವ ಜೋಡಿ ಗ್ರಂಥಿಯನ್ನು ತೆಗೆದರು. ತಾಯಿ ಮೊಟ್ಟೆ ಬಿಟ್ಟು ಎದ್ದು ಬಂತು, ಮತ್ತೆ ಬೇಟೆಯಾಡಿತು, ಮೈ ತುಂಬಿಕೊಂಡಿತು, ಇನ್ನಷ್ಟು ತಿಂಗಳು ಬದುಕಿತು. ತಾಯಿಯ ತ್ಯಾಗ ಅಂತ ನಾವು ಕಣ್ಣೊರೆಸಿಕೊಳ್ಳುವ ದೃಶ್ಯದ ಹಿಂದೆ ಇಷ್ಟು ಚಿಕ್ಕದೊಂದು ಗ್ರಂಥಿ ಕೂತಿದೆ.

ಇಲ್ಲಿ ನನ್ನ ಗಾದೆ ಸ್ವಲ್ಪ ಕುಂಟುತ್ತದೆ. ಹಣ ಮುಗಿದದ್ದಕ್ಕೆ ಮನೆ ಬಿದ್ದಿದ್ದರೆ ಒಂದು ಗ್ರಂಥಿ ತೆಗೆದ ಮಾತ್ರಕ್ಕೆ ಮನೆ ಎದ್ದು ನಿಲ್ಲಬಾರದಿತ್ತು. ಇನ್ನೂ ಸ್ಪಷ್ಟವಾಗಿ ಹೇಳುವ ಪ್ರಯೋಗ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನದ್ದು. ಸಿಂಥಿಯಾ ಕೆನ್ಯನ್ ಅವರ ಪ್ರಯೋಗಾಲಯದಲ್ಲಿ ಈ ಹುಳುವಿನ ಬೀಜಕೋಶಗಳ ಮೂಲವನ್ನು ಲೇಸರ್‌ನಿಂದ ಸುಟ್ಟಾಗ ಆಯಸ್ಸು ಸುಮಾರು 60 ಶೇಕಡಾ ಏರಿತು. ಮದುವೆ ಖರ್ಚು ಉಳಿಯಿತು, ಮನೆ ಗಟ್ಟಿಯಾಯಿತು ಎನ್ನೋಣವೇ? ಬೀಜಕೋಶದ ಜೊತೆಗೆ ಅದನ್ನು ಸುತ್ತುವರಿದ ಅಂಗವನ್ನೂ ಸುಟ್ಟಾಗ ಆಯಸ್ಸು ಒಂದಿಷ್ಟೂ ಏರಲಿಲ್ಲ. ಎರಡೂ ಹುಳುಗಳಿಗೆ ಸಂತಾನವಿಲ್ಲ, ಉಳಿತಾಯ ಎರಡರಲ್ಲೂ ಒಂದೇ. 1999ರ ಈ ಫಲಿತಾಂಶದ ಅರ್ಥ ಇದು: ಬೀಜಕೋಶ ದೇಹಕ್ಕೆ ಒಂದು ಸುದ್ದಿ ಕಳಿಸುತ್ತಿದೆ, ಸುತ್ತಲಿನ ಅಂಗ ಇನ್ನೊಂದು ಸುದ್ದಿ. ಮನೆ ದುರಸ್ತಿ ಮಾಡಬೇಕೋ ಬಿಡಬೇಕೋ ಎಂಬುದು ಆ ಸುದ್ದಿಗಳ ಮೇಲೆ ತೀರ್ಮಾನವಾಗುತ್ತದೆ. ಹಣ್ಣುನೊಣಗಳಲ್ಲೂ ಹೀಗೊಂದು ತಿರುವಿದೆ. ಆಹಾರ ಕಡಿತ ಮಾಡಿದರೆ ನೊಣದ ಆಯಸ್ಸು ಹೆಚ್ಚುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. 2009ರಲ್ಲಿ ಲಂಡನ್ನಿನ ಲಿಂಡಾ ಪಾರ್ಟ್ರಿಜ್ ಅವರ ತಂಡ ಆ ಬಡ ಊಟಕ್ಕೆ ಮೆಥಿಯೊನಿನ್ ಎಂಬ ಒಂದೇ ಒಂದು ಅಮೈನೋ ಆಮ್ಲ ಬೆರೆಸಿತು. ಮೊಟ್ಟೆ ಹೆಚ್ಚಾಯಿತು, ಆಯಸ್ಸು ಕಡಿಮೆಯಾಗಲಿಲ್ಲ.

ಹಾಗೆಂದು ಲೆಕ್ಕವೇ ಸುಳ್ಳು ಅನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ನೂರಾರು ತಲೆಮಾರು ಇದ್ದ ಬಡತನವೇ ದೇಹಕ್ಕೆ ಈ ಸುದ್ದಿವ್ಯವಸ್ಥೆಯನ್ನು ಕಲಿಸಿಕೊಟ್ಟಿದೆ. ಈಗ ಹಣವಿದ್ದರೂ ಹಳೇ ಅಭ್ಯಾಸದಂತೆ ಅದು ಕೈ ಬಿಗಿ ಹಿಡಿಯುತ್ತದೆ. ಸುದ್ದಿಯನ್ನು ಪ್ರಯೋಗಾಲಯದಲ್ಲಿ ತಿರುಚಬಹುದು. ಕಾಡಿನಲ್ಲಿ ತಿರುಚಿದವರು ದಂಡ ತೆತ್ತಿರುತ್ತಾರೆ.

ಈಗ ನಿಮ್ಮ ಜೇನುರಾಣಿ. ತುಡುವೆಯಾಗಲಿ ಸಾಕುವ ಪರದೇಶಿ ಜೇನಾಗಲಿ, ದುಡಿಯುವ ಕಾಲದ ಕೆಲಸಗಾರ ನೊಣ ಬದುಕುವುದು ಕೆಲವೇ ವಾರ, ರಾಣಿ ವರ್ಷಗಟ್ಟಲೆ. ಯೂರೋಪಿನ ಕಪ್ಪು ತೋಟದ ಇರುವೆಯ ಒಬ್ಬ ರಾಣಿ ಸಾಕಿದವರ ಬಳಿ 28 ವರ್ಷ ದಾಟಿ ಬದುಕಿದ ದಾಖಲೆ ಇದೆ. ಗಾದೆಯಲ್ಲೇ ಹೇಳುವುದಾದರೆ, ಅವಳ ಮದುವೆ ಖರ್ಚನ್ನು ಊರು ಹೊತ್ತುಕೊಂಡಿದೆ. ಆಹಾರ ತರುವವರು ಬೇರೆ, ಮಕ್ಕಳನ್ನು ಸಾಕುವವರು ಬೇರೆ, ಹೊರಗೆ ಹೋಗಿ ಹಕ್ಕಿಯ ಬಾಯಿಗೆ ಬೀಳುವವರೂ ಬೇರೆ. ಕೋಟೆಯ ಒಳಗಿರುವ ಅವಳಿಗೆ ಮೆಡವಾರ್ ಹೇಳಿದ ಅಪಾಯವೂ ಇಲ್ಲ. ಆದರೆ ಒಂದೇ ತತ್ತಿಯಿಂದ ರಾಣಿಯೂ ಆಗಬಹುದು, ಕೆಲಸದವಳೂ ಆಗಬಹುದು ಎಂದಮೇಲೆ ಆಯಸ್ಸಿನ ಅಂತರ ಜೀನಿನಲ್ಲಿಲ್ಲ, ಜೀನನ್ನು ಬಳಸುವ ಬಗೆಯಲ್ಲಿದೆ.

ಅದನ್ನು ನೋಡಲು ನಮ್ಮ ದಕ್ಷಿಣ ಭಾರತದ ಜಿಗಿಯುವ ಇರುವೆಗಿಂತ ಒಳ್ಳೆಯ ಪ್ರಾಣಿ ಸಿಗದು. ಉದ್ದ ದವಡೆ, ದೊಡ್ಡ ಕಣ್ಣು, ಬೇಟೆ ಕಂಡರೆ ಹಾರಿ ಹಿಡಿಯುವ ಚುರುಕು. ಇದರ ಶಾಸ್ತ್ರೀಯ ಹೆಸರು ಹಾರ್ಪೆಗ್ನಾಥಸ್ ಸಾಲ್ಟೇಟರ್. ರಾಣಿ ಸತ್ತಾಗ ಕೆಲಸದವರು ಮೀಸೆಯಿಂದ ಮೀಸೆಗೆ ಬಡಿದಾಡಿಕೊಂಡು ವಾರಗಟ್ಟಲೆ ಪಂದ್ಯ ನಡೆಸುತ್ತಾರೆ. ಗೆದ್ದವರು ಮೊಟ್ಟೆ ಇಡಲು ಶುರು ಮಾಡುತ್ತಾರೆ. ಗೆದ್ದವಳ ಅಂಡಾಶಯ ಉಬ್ಬುತ್ತದೆ, ಮಿದುಳು ಸುಮಾರು ಕಾಲು ಭಾಗ ಕುಗ್ಗುತ್ತದೆ. ಏಳು ತಿಂಗಳಿದ್ದ ಆಯಸ್ಸು ನಾಲ್ಕು ವರ್ಷಕ್ಕೆ ಏರುತ್ತದೆ! ಅವಳನ್ನು ಮತ್ತೆ ಕೆಲಸಕ್ಕೆ ಇಳಿಸಿದರೆ ಮಿದುಳು ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ ಎಂದು 2021ರಲ್ಲಿ ಕಂಡುಕೊಂಡರು. ಮರುವರ್ಷ ಬಂದ ಇನ್ನೊಂದು ಅಧ್ಯಯನ ಗುಟ್ಟಿನ ಒಂದು ಎಳೆ ಬಿಚ್ಚಿತು. ಮೊಟ್ಟೆ ಬೆಳೆಸಲು ಇನ್ಸುಲಿನ್ ಹೆಚ್ಚಬೇಕು. ಇನ್ಸುಲಿನ್ ಹೆಚ್ಚಿದರೆ ಸಾಮಾನ್ಯವಾಗಿ ಮುಪ್ಪು ಬೇಗ. ಈ ಇರುವೆಯ ಅಂಡಾಶಯ ಇನ್ಸುಲಿನ್‌ಗೆ ಅಡ್ಡಗಾಲು ಹಾಕುವ ಪ್ರೋಟೀನೊಂದನ್ನು ಹೊರಬಿಡುತ್ತದೆ. ಅದು ಮೊಟ್ಟೆಗೆ ಬೇಕಾದ ದಾರಿಯನ್ನು ಬಿಟ್ಟುಕೊಟ್ಟು, ಮುಪ್ಪು ತರುವ ದಾರಿಯನ್ನಷ್ಟೇ ಕಟ್ಟುತ್ತದೆ. ಸಸ್ತನಿಗಳಲ್ಲಿ ಇಂಥದ್ದು ಅಪರೂಪವಾದರೂ ಇಲ್ಲದಿಲ್ಲ. ಆಫ್ರಿಕಾದ ಝಾಂಬಿಯಾದಲ್ಲಿ ನೆಲದಡಿ ಕುಟುಂಬವಾಗಿ ಬಾಳುವ ಆನ್ಸೆಲ್ಸ್ ಮೋಲ್‌ರ‍್ಯಾಟ್‌ಗಳಲ್ಲಿ ಮರಿ ಹಾಕುವ ಜೋಡಿ, ಹಾಕದವರ ಎರಡರಷ್ಟು ಕಾಲ ಬದುಕುತ್ತದೆ.

ಉಳಿದದ್ದು ಅಜ್ಜಿ. ಮೊದಲು ಒಂದು ಕಹಿ ಮಾತು. ಹತ್ತನೆಯದನ್ನು ಹೆರಬೇಕಾದರೆ ಅದಕ್ಕೂ ಮೊದಲಿನ ಒಂಬತ್ತು ಹೆರಿಗೆಯಲ್ಲಿ ಬದುಕಿ ಉಳಿದಿರಬೇಕು. ಅವರ ಕಾಲದಲ್ಲಿ ಮೊದಲನೆಯದಕ್ಕೋ ಎರಡನೆಯದಕ್ಕೋ ತೀರಿಕೊಂಡ ಹೆಣ್ಣುಮಕ್ಕಳು ಯಾರ ಅಜ್ಜಿಯೂ ಆಗಲಿಲ್ಲ, ಯಾರೂ ಅವರ ಉದಾಹರಣೆ ಕೊಡುವುದಿಲ್ಲ. ಎರಡನೆಯದು ಗಂಟಿನ ಗಾತ್ರ. ಊರಿನಲ್ಲಿ ಮಗಳ ಮದುವೆಯನ್ನು ಭರ್ಜರಿ ಮಾಡಿದವರ ಮನೆಯನ್ನು ಹೋಗಿ ನೋಡಿ, ಅದೂ ದೊಡ್ಡದೇ ಇರುತ್ತದೆ. ಹಾಗೆಂದು ಮದುವೆ ಖರ್ಚಿನಿಂದ ಮನೆ ದೊಡ್ಡದಾಯಿತು ಅನ್ನುತ್ತೀರಾ? ಅವರಲ್ಲಿ ಹಣವಿತ್ತು, ಎರಡನ್ನೂ ಮಾಡಿದರು. ಗಟ್ಟಿ ಮೈ, ಒಳ್ಳೆಯ ಊಟ ಇದ್ದವರು ಹೆಚ್ಚು ಹೆತ್ತರು, ಹೆಚ್ಚು ಬದುಕಿದರು. ಒಂದೇ ಕುಟುಂಬದ ಒಳಗೆ ಮನೆಗೂ ಮದುವೆಗೂ ಇರುವ ಎಳೆದಾಟ, ಊರಿನ ಲೆಕ್ಕ ತೆಗೆದಾಗ ಮರೆಯಾಗುತ್ತದೆ. ವಾನ್ ನೂರ್ಡ್‌ವೈಕ್ ಮತ್ತು ಡಿ ಯೊಂಗ್ ಎಂಬ ಇಬ್ಬರು 1986ರಲ್ಲಿ ಇದನ್ನು ಗಣಿತವಾಗಿ ಬರೆದು ತೋರಿಸಿದರು. ಕೆಸ್ಟ್ರೆಲ್ ಗೂಡಿಗೆ ಮರಿಗಳನ್ನು ತಂದಿಟ್ಟದ್ದು ಇದೇ ಕಾರಣಕ್ಕೆ. ಹಕ್ಕಿಗೇ ಬಿಟ್ಟಿದ್ದರೆ ಬಲಿಷ್ಠ ಹಕ್ಕಿಯೇ ಹೆಚ್ಚು ಮರಿ ಮಾಡಿ ಹೆಚ್ಚು ಬದುಕಿ ಲೆಕ್ಕ ಕೆಡಿಸುತ್ತಿತ್ತು.

ಮನುಷ್ಯರ ಮೇಲೆ ಅಂಥ ಪ್ರಯೋಗ ಮಾಡುವಂತಿಲ್ಲ, ಆದ್ದರಿಂದ ಹಳೇ ದಾಖಲೆ ಕೆದಕುತ್ತಾರೆ. ಬ್ರಿಟನ್ನಿನ ಶ್ರೀಮಂತ ಮನೆತನಗಳ ವಂಶಾವಳಿ ನೋಡಿ, ದೀರ್ಘಾಯುಷಿ ಹೆಂಗಸರಿಗೆ ಮಕ್ಕಳು ಕಡಿಮೆ ಎಂದು 1998ರಲ್ಲಿ ಕರ್ಕ್‌ವುಡ್ ಮತ್ತು ವೆಸ್ಟೆಂಡಾರ್ಪ್ ಬರೆದರು. ಆ ವಂಶಾವಳಿಗಳಲ್ಲಿ ಮಕ್ಕಳ ಹೆಸರು ಬಿಟ್ಟುಹೋಗಿವೆ ಎಂದು ಬೇರೆಯವರು ಆಕ್ಷೇಪಿಸಿದರು. ಕೊರಿಯಾದ ಜೋಸನ್ ರಾಜವಂಶದ ಅರಮನೆಯಲ್ಲಿದ್ದ, ಬೀಜ ಕಳೆದುಕೊಂಡ ನಪುಂಸಕರ ವಂಶಾವಳಿಯಲ್ಲಿ 81 ಮಂದಿಯ ಸರಾಸರಿ ಆಯಸ್ಸು 70 ಎಂದೂ, ಅದೇ ಅಂತಸ್ತಿನ ಇತರ ಗಂಡಸರಿಗಿಂತ 14ರಿಂದ 19 ವರ್ಷ ಹೆಚ್ಚೆಂದೂ 2012ರಲ್ಲಿ ಪ್ರಕಟವಾಯಿತು. ನನಗೆ ಇವೆರಡರ ಮೇಲೂ ಪೂರ್ತಿ ಭರವಸೆಯಿಲ್ಲ. ಬೀಜ ಒಡೆಸಿದ ಕುರಿಗಳು ಟಗರಿಗಿಂತ ಹೆಚ್ಚು ಬದುಕುವುದನ್ನು ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದಲ್ಲಿ ವರ್ಷಗಟ್ಟಲೆ ಎಣಿಸಿ ಬರೆದಿಟ್ಟಿದ್ದಾರೆ. ಅದನ್ನು ಹೆಚ್ಚು ನಂಬುತ್ತೇನೆ.

ನಿಮ್ಮ ಕೈಯಲ್ಲೇ ಒಂದು ಪ್ರಯೋಗವಿದೆ. ಒಂದೇ ಲಾಟಿನ, ಒಂದೇ ದಿನ ಹೊರಬಂದ 40 ಹೆಣ್ಣು ಚಿಟ್ಟೆ ತೆಗೆದುಕೊಳ್ಳಿ. ಚೀಟಿ ಎತ್ತಿ 20ನ್ನು ಜೋಡಿ ಮಾಡಿ, 20ನ್ನು ಗಂಡಿನಿಂದ ದೂರ ಇಡಿ. ಲವಲವಿಕೆಯಿಂದ ಕಾಣುವುದನ್ನೇ ಜೋಡಿಗೆ ಆರಿಸಿದರೆ ಅಜ್ಜಿಯ ಲೆಕ್ಕದಲ್ಲಾದ ತಪ್ಪೇ ಇಲ್ಲೂ ಆಗುತ್ತದೆ, ಅದಕ್ಕೇ ಚೀಟಿ. ಜೋಡಿಯಾಗದ ಚಿಟ್ಟೆ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಬಹುಪಾಲು ಉಳಿಸಿಕೊಳ್ಳುತ್ತದೆ, ಆ ಮೊಟ್ಟೆಗೆ ಬುತ್ತಿ ಆಗಲೇ ಖರ್ಚಾಗಿರುತ್ತದೆ ಎಂಬುದು ನೆನಪಿರಲಿ. ಹೀಗಾಗಿ ನೀವು ಅಳೆಯುವುದು ಮೊಟ್ಟೆ ಮಾಡಿದ ಖರ್ಚನ್ನಲ್ಲ, ಕೂಡಿ ಮೊಟ್ಟೆ ಇಡುವುದರ ಖರ್ಚನ್ನು. ಎರಡೂ ಗುಂಪಿಗೆ ಒಂದೇ ಕೋಣೆ, ಒಂದೇ ತಂಪು. ಜೋಡಿಯಾದವನ್ನು ಈ ಒಂದು ಬಾರಿ ಪರೀಕ್ಷೆಗೆ ಅರೆಯದೆ ಬಿಡಿ, ಅವುಗಳ ಮೊಟ್ಟೆಯನ್ನು ಮಾರಾಟಕ್ಕೆ ಸೇರಿಸದೆ ಸುಟ್ಟುಬಿಡಿ. ದಿನಕ್ಕೆರಡು ಸಲ ಸತ್ತವನ್ನು ಎಣಿಸಿ ಬರೆದಿಟ್ಟು ಕಳಿಸಿಕೊಡಿ, ಮುಂದಿನ ಲೆಕ್ಕ ಇಬ್ಬರೂ ಕೂತು ಮಾಡೋಣ.